ಬಿಸಿನೆಸ್ ಪಾರ್ಕ್ ನಕ್ಷೆ ಬದಲಾಯಿತಂತೆ, ನಮ್ಮ ಜಮೀನು ಎಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಗಳಲ್ಲಿ ತಕರಾರು ಅರ್ಜಿ ಬರೆದುಕೊಡುವ ಕೆಲಸ ಹೇಗೋ ನನಗೆ ಅಂಟಿಕೊಂಡಿದೆ. ಬಿಸಿನೆಸ್ ಪಾರ್ಕಿಗೆಂದು ಜಮೀನು ಸ್ವಾಧೀನದ ಮೊದಲ ನೋಟಿಸು ಬಂದಾಗ ಊರೆಲ್ಲ ಒಂದಾಗುತ್ತದೆ. ಜನರ ಮಾತು ಕೇಳಿ ನಕ್ಷೆ ತಿದ್ದಿದ್ದೇವೆ ಎಂದು ಎರಡನೇ ಕಾಗದ ಬಂದಾಗ ಊರು ಒಡೆಯುತ್ತದೆ. ಜಮೀನು ನಕ್ಷೆಯಿಂದ ಹೊರಗುಳಿದವರ ಮನೆಯಲ್ಲಿ ಹಬ್ಬ, ಹೊಸದಾಗಿ ಸೇರಿದವರ ಮನೆಯಲ್ಲಿ ಸೂತಕ. ಆ ಎರಡನೇ ಕಾಗದದ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ವಕೀಲನಲ್ಲ. ಕೋರ್ಟಿನವರೆಗೆ ಹೋಗುವ ವಿಷಯವಿದ್ದರೆ ವಕೀಲರನ್ನೇ ನೋಡಿ.

ನಕ್ಷೆ ಬದಲಾಗಿದೆ ಅಂತ ಸಭೆಯಲ್ಲಿ ಹೇಳಿದರು. ನಂಬಬಹುದಾ?

ಹೇಳಿದ್ದನ್ನು ನಂಬಬೇಡಿ, ಬರೆದದ್ದನ್ನು ಓದಿ. ಬದಲಾವಣೆ ಅಂದರೆ ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ ಸಮೇತ ಇರುವ ಪಟ್ಟಿ. ಬಣ್ಣ ಬಳಿದ ದೊಡ್ಡ ನಕ್ಷೆಯನ್ನು ಗೋಡೆಗೆ ಅಂಟಿಸಿ, ಹಸಿರು ಭಾಗ ಹೆಚ್ಚು ಮಾಡಿದ್ದೇವೆ ನೋಡಿ ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಯಾವ ನಂಬರ್ ಹೋಯಿತು, ಯಾವುದು ಬಂತು, ಯಾವುದರ ವಿಸ್ತೀರ್ಣ ಕಡಿಮೆಯಾಯಿತು ಎಂದು ಮೂರು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಒಂದು ಸಂಜೆಯ ಕೆಲಸ. ಊರಿನ ಪಿಯುಸಿ ಮಕ್ಕಳು ನಮಗಿಂತ ಬೇಗ ಮಾಡುತ್ತಾರೆ.

ಪಟ್ಟಿ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.

ಬಿಸಿನೆಸ್ ಪಾರ್ಕ್ ಅಂದರೂ ಇಂಡಸ್ಟ್ರಿಯಲ್ ಏರಿಯಾ ಅಂದರೂ ಒಂದೇ ಅಲ್ಲವಾ?

ಜಮೀನು ಕಳೆದುಕೊಳ್ಳುವವನಿಗೆ ಒಂದೇ. ಕಾನೂನಿಗೆ ಅಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಕೈಗಾರಿಕಾ ವಸಾಹತುಗಳಿಗೆ ಸಾರ್ವಜನಿಕ ಅಹವಾಲು ಸಭೆ ಉಂಟು. ಆದರೆ ವಸಾಹತು 500 ಹೆಕ್ಟೇರಿಗಿಂತ, ಅಂದರೆ ಸುಮಾರು 1,235 ಎಕರೆಗಿಂತ ಚಿಕ್ಕದಿದ್ದು, ಅಧಿಸೂಚನೆಯ ಪಟ್ಟಿಯಲ್ಲಿರುವ ಮಾಲಿನ್ಯದ ಕಾರ್ಖಾನೆ ಅದರಲ್ಲಿ ಒಂದೂ ಇಲ್ಲದಿದ್ದರೆ ಆ ಕಲಮಿನಡಿ ಪರಿಸರ ಅನುಮತಿಯೇ ಬೇಕಾಗುವುದಿಲ್ಲ. ಬರೀ ಆಫೀಸು, ಗೋಡೌನು ಎಂದರೆ ಅದು ಕಟ್ಟಡ ಯೋಜನೆಗಳ ಕಲಮಿಗೆ ಹೋಗುತ್ತದೆ. ಆ ಕಲಮಿನವರಿಗೆ ಅಹವಾಲು ಸಭೆಯಿಂದ ವಿನಾಯಿತಿ ಇದೆ.

ಹಾಗಾಗಿ ಯೋಜನೆಯ ಹೆಸರು ನಡುವೆ ಬದಲಾದರೆ ಕಿವಿ ನಿಮಿರಿಸಿ. ಪಾರ್ಕಿನೊಳಗೆ ಕೆಂಪು (ಅತಿ ಹೆಚ್ಚು ಮಾಲಿನ್ಯದ್ದು), ಕಿತ್ತಳೆ, ಹಸಿರು, ಬಿಳಿ ಮೊದಲಾದ ಮಾಲಿನ್ಯ ವರ್ಗಗಳಲ್ಲಿ ಯಾವುದಕ್ಕೆ ಜಾಗ, ಯಾವುದಕ್ಕೆ ಇಲ್ಲ ಎಂಬುದನ್ನು ಬರೆಸಿಕೊಳ್ಳಿ. ಮಾಲಿನ್ಯ ಆಗುವುದೇ ಇಲ್ಲ ಎಂದು ಬಾಯಿಮಾತಿನಲ್ಲಿ ಹೇಳುವವರಿಗೆ ಕೆಂಪು ವರ್ಗಕ್ಕೆ ಅವಕಾಶವಿಲ್ಲ ಎಂದು ಒಂದು ಸಾಲು ಬರೆದುಕೊಡಲು ಕಷ್ಟವಿರಬಾರದು.

ಅಭಿಪ್ರಾಯ ಕೇಳಿದ್ದೇವೆ ಅನ್ನುತ್ತಾರೆ. ಯಾವಾಗ ಕೇಳಿದರು?

ಸಭೆಗಳಲ್ಲೇ ನಾಲ್ಕು ತರಹ. ಎಲ್ಲವನ್ನೂ ಜನ "ಮೀಟಿಂಗು" ಎಂದೇ ಕರೆಯುವುದರಿಂದ ಗೊಂದಲ.

ಗ್ರಾಮಸಭೆ ಪಂಚಾಯಿತಿಯದು. ಅಲ್ಲಿನ ನಿರ್ಣಯಕ್ಕೆ ನೈತಿಕ ತೂಕವಿದೆ, ಪತ್ರಿಕೆಯವರು ಬರೆಯುತ್ತಾರೆ, ಶಾಸಕರಿಗೆ ತಲುಪುತ್ತದೆ. ಆದರೆ ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಭೂಸ್ವಾಧೀನ ನಡೆಯುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಗ್ರಾಮಸಭೆ ಒಪ್ಪಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. 2013ರ ಕೇಂದ್ರ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾದರೆ 80, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕಾದರೆ 70 ಶೇಕಡಾ ಜನರ ಒಪ್ಪಿಗೆ ಬೇಕೆಂದಿದೆಯಲ್ಲ ಎಂದು ಓದಿಕೊಂಡ ಹುಡುಗರು ಕೇಳುತ್ತಾರೆ. ಅದು ನಿಜ. ಆದರೆ ಇಲ್ಲಿ ಸರ್ಕಾರ ಹಿಡಿಯುವ ದಾರಿ 1966ರದ್ದು.

ಎರಡನೆಯದು ಆ ದಾರಿಯಲ್ಲಿ ನಿಮಗಿರುವ ಬಾಗಿಲು, ಕಲಂ 28ರ ವಿಚಾರಣೆ. 28(1)ರಲ್ಲಿ ಪ್ರಾಥಮಿಕ ಅಧಿಸೂಚನೆ, 28(2)ರಲ್ಲಿ ನಿಮಗೆ ನೋಟಿಸು, ನೋಟಿಸು ಕೈಸೇರಿದ 30 ದಿನದೊಳಗೆ ತಕರಾರು, 28(3)ರಲ್ಲಿ ವಿಚಾರಣೆ, 28(4)ರಲ್ಲಿ ಅಂತಿಮ ಅಧಿಸೂಚನೆ. ವಿಶೇಷ ಭೂಸ್ವಾಧೀನಾಧಿಕಾರಿ ಮುಂದೆ ನೀವು ನಿಂತು ಹೇಳುವುದು, ಬರೆದು ಕೊಡುವುದು ಈ 28(3)ರ ವಿಚಾರಣೆಯಲ್ಲಿ. ಉಳಿದ ಎಲ್ಲ ಸಭೆಗಿಂತ ಇದು ಮುಖ್ಯ. ವಿಚಿತ್ರವೆಂದರೆ ಶಾಮಿಯಾನ, ಮೈಕು, ಊಟ ಇರುವ ಸಭೆಗೆ ಸಾವಿರ ಜನ ಬರುತ್ತಾರೆ. ಕಚೇರಿಯ ಕತ್ತಲೆ ಕೋಣೆಯ ಈ ವಿಚಾರಣೆಗೆ ದಿನಕ್ಕೆ ಹತ್ತು ಜನ ಬಂದರೆ ಹೆಚ್ಚು.

ಮೂರನೆಯದು ಪರಿಸರದ ಅಹವಾಲು ಸಭೆ. ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ನಡೆಸುತ್ತಾರೆ. 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಪೂರ್ತಿ ವಿಡಿಯೊ ಆಗಬೇಕು, ಕೊನೆಗೆ ನಡಾವಳಿಯನ್ನು ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ ಅದೇ ದಿನ ಸಹಿ ಹಾಕಬೇಕು. ಊಟಕ್ಕೆ ಏಳುವ ಗಡಿಬಿಡಿಯಲ್ಲಿ ಈ ಓದುವ ಭಾಗ ತಪ್ಪಿಹೋಗುತ್ತದೆ. ಕೂತಿರಿ, ಓದಿಸಿ. ಮುಳಬಾಗಿಲು, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವ ಹಿರಿಯರು ಬೇಕಾದಷ್ಟಿದ್ದಾರೆ. ಅವರಿಗೆ ತೆಲುಗಿನಲ್ಲೂ ಹೇಳಿ ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ನಾಲ್ಕನೆಯದು ಮಂತ್ರಿಗಳೋ ಶಾಸಕರೋ ಕರೆಯುವ ಸಭೆ. ಕಾನೂನಿನಲ್ಲಿ ಅದಕ್ಕೆ ಹೆಸರಿಲ್ಲ. ಆದರೂ ನಕ್ಷೆ ಹೆಚ್ಚಾಗಿ ಬದಲಾಗುವುದು ಅಲ್ಲೇ ಎಂಬುದನ್ನು ಮುಚ್ಚಿಡುವುದು ಬೇಡ.

ನಾವು ಯಾರೂ ಹೋಗದೆ ಬಹಿಷ್ಕಾರ ಹಾಕಿದರೆ ಸಭೆ ರದ್ದಾಗುತ್ತಾ?

ಇಲ್ಲ. ಪರಿಸರ ಅಹವಾಲು ಸಭೆಗೆ ಕೋರಂ ಇಲ್ಲ ಎಂದು ಅಧಿಸೂಚನೆಯಲ್ಲೇ ಬರೆದಿದೆ. ಐದು ಜನ ಬಂದರೂ ಸಭೆ ನಡೆದ ಹಾಗೆ. ಬಹಿಷ್ಕಾರವೇ ನಿಮ್ಮ ತೀರ್ಮಾನವಾದರೆ, ಏಕೆ ಎಂದು ಬರೆದ ಪತ್ರವನ್ನು ಕೊಟ್ಟು, ಸ್ವೀಕೃತಿ ಪಡೆದು ಹೊರಗೆ ಬನ್ನಿ.

ಎಂಥ ತಕರಾರಿಗೆ ನಕ್ಷೆ ಬದಲಾಗುತ್ತದೆ?

"ನಮ್ಮ ಜಮೀನು ಕೊಡುವುದಿಲ್ಲ, ಇದು ನಮ್ಮ ಅಪ್ಪನ ಕಾಲದ್ದು" ಎಂಬ ಅರ್ಜಿ ನೂರಾರು ಬರುತ್ತವೆ. ಎಲ್ಲಕ್ಕೂ ಒಂದೇ ಸಾಲಿನ ಉತ್ತರ: ಸಾರ್ವಜನಿಕ ಉದ್ದೇಶವಿರುವುದರಿಂದ ತಕರಾರು ತಿರಸ್ಕರಿಸಲಾಗಿದೆ. ನೋವು ಸುಳ್ಳಲ್ಲ. ಆದರೆ ಆ ಅರ್ಜಿಯಲ್ಲಿ ಅಧಿಕಾರಿ ಹೊಸದಾಗಿ ಪರಿಶೀಲಿಸಬೇಕಾದ ಸಂಗತಿ ಒಂದೂ ಇರುವುದಿಲ್ಲ. ಸ್ಥಳಕ್ಕೆ ಬಂದು ನೋಡಲೇಬೇಕಾದ ಸಂಗತಿಯನ್ನು ಬರೆದ ಅರ್ಜಿ ಬೇರೆ ಜಾತಿಯದು.

ನಮ್ಮ ಕಡೆ ಅಂಥ ಸಂಗತಿಗಳಲ್ಲಿ ಮೊದಲನೆಯದು ನೀರಿನ ದಾರಿ. ಈ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಇಲ್ಲೇ ಹುಟ್ಟಿದರೂ ಇಲ್ಲಿ ಅವು ಮಳೆಗಾಲದ ಹಳ್ಳಗಳು. ಹಿಂದಿನವರು ಕಟ್ಟಿದ್ದು ಸರಣಿ ಕೆರೆ: ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ನಡುವೆ ರಾಜಕಾಲುವೆ. ಹತ್ತು ವರ್ಷ ಒಣಗಿದ ಕಾಲುವೆ ಉಪಗ್ರಹ ಚಿತ್ರದಲ್ಲಿ ಜಾಲಿ ಬೆಳೆದ ಬೀಳು ಭೂಮಿಯಂತೆ ಕಾಣುತ್ತದೆ. ನಕ್ಷೆ ಹಾಕುವವನು ಬೆಂಗಳೂರಿನಲ್ಲಿ ಕೂತು ಅದರ ಮೇಲೆ ಪಾರ್ಕಿಂಗ್ ಬರೆಯುತ್ತಾನೆ. ಕೆರೆಯ ನೀರು ಬಿಡುವ ನಮ್ಮೂರ ನೀರಗಂಟಿಗೆ ಮಾತ್ರ ಗೊತ್ತು, 2017ರಲ್ಲೋ 2021ರಲ್ಲೋ ಜೋರು ಮಳೆ ಬಂದಾಗ ನೀರು ಎಲ್ಲಿ ಹರಿಯಿತು ಎಂದು.

ಗ್ರಾಮ ನಕ್ಷೆ ತೆಗೆಸಿ. ಹಳ್ಳ, ಕಾಲುವೆ, ಬಂಡಿದಾರಿ ಎಲ್ಲ ಅದರಲ್ಲಿದೆ. ಪಹಣಿಯಲ್ಲಿ 'ಬಿ' ಖರಾಬು ಎಂದು ಎಷ್ಟು ಗುಂಟೆ ಇದೆ ನೋಡಿ. ಕೃಷಿಗೆ ಬಾರದ ನಿಮ್ಮದೇ ಬಂಡೆ, ಕೊರಕಲು 'ಎ' ಖರಾಬು. ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕರದ್ದು 'ಬಿ'. ದಿಶಾಂಕ್ ಆ್ಯಪ್ ಹಿಡಿದುಕೊಂಡು ಜಾಗದ ಮೇಲೆ ನಡೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಫೋನೇ ಹೇಳುತ್ತದೆ. ಫೋಟೊ ತೆಗೆಯಿರಿ.

ಆಮೇಲೆ ಲೆಕ್ಕ. ಒಂದು ಎಕರೆ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್. ಹೊಲದಲ್ಲಾದರೆ ಇದರಲ್ಲಿ ಎಷ್ಟೋ ಪಾಲು ಇಂಗುತ್ತದೆ. ಶೀಟು, ಕಾಂಕ್ರೀಟು ಹಾಕಿದ ಮೇಲೆ ಇಂಗಲು ಜಾಗವಿಲ್ಲ. ನೂರು ಎಕರೆಯ ಪಾರ್ಕಾದರೆ ಒಂದೇ ಮಳೆಗೆ ಕೋಟಿ ಲೀಟರ್. ಜಾಗವನ್ನು ಮಣ್ಣು ತುಂಬಿ ಮೂರಡಿ ಎತ್ತರಿಸಿದರೆ ಅದೆಲ್ಲ ಪಕ್ಕದ ರಾಗಿ ಹೊಲಕ್ಕೆ ಬರುತ್ತದೆ, ಕೆರೆಗೆ ಹೋಗುವುದಿಲ್ಲ. "ಇಂಥ ಸರ್ವೆ ನಂಬರಿನ ಕಾಲುವೆ ಮುಚ್ಚಿದರೆ ಇಂಥ ಕೆರೆಗೆ ನೀರಿಲ್ಲ, ಅದರ ಅಚ್ಚುಕಟ್ಟು ಇಷ್ಟು ಎಕರೆ" ಎಂದು ಬರೆದ ಅರ್ಜಿಯನ್ನು ಸಣ್ಣ ನೀರಾವರಿ ಇಲಾಖೆಯ ಅಭಿಪ್ರಾಯಕ್ಕೆ ಕಳಿಸದೆ ವಿಧಿಯಿಲ್ಲ.

ಗೋಮಾಳ ಸರ್ಕಾರದ್ದು ತಾನೇ, ಅದನ್ನು ತೆಗೆದುಕೊಂಡರೆ ರೈತರ ಜಮೀನು ಉಳಿಯುತ್ತಲ್ಲ?

ತಿದ್ದಿದ ನಕ್ಷೆಗಳಲ್ಲಿ ಇದೇ ಸುಲಭದ ದಾರಿ. ಖಾತೆದಾರನ ಜಮೀನು ಬಿಟ್ಟು ಗೋಮಾಳ, ಗುಂಡುತೋಪು ಸೇರಿಸುತ್ತಾರೆ. ಗೋಮಾಳ ಮಾತನಾಡುವುದಿಲ್ಲವಲ್ಲ. ಭೂಕಂದಾಯ ನಿಯಮದಲ್ಲಿ ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕೆಂದಿದೆ. ಊರಿನ ಜಾನುವಾರು ಗಣತಿಯ ಲೆಕ್ಕ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ, ಹಾಲಿನ ಡೇರಿಯವರಿಗೂ ಗೊತ್ತಿರುತ್ತದೆ. ಕೂಡಿ ನೋಡಿ.

ಅದೇ ಗೋಮಾಳದಲ್ಲಿ ಬಗರ್ ಹುಕುಂ ಸಾಗುವಳಿ ಮಾಡಿಕೊಂಡು, ಸಕ್ರಮಕ್ಕೆಂದು ಫಾರಂ 53, 57 ಹಾಕಿ ಕಾಯುತ್ತಿರುವವರು ಇರುತ್ತಾರೆ. ಸಾಗುವಳಿ ಚೀಟಿ ಬಂದಿಲ್ಲ, ಪಹಣಿಯಲ್ಲಿ ಹೆಸರಿಲ್ಲ, ನೋಟಿಸು ಬರುವುದಿಲ್ಲ. ಮಾಲೀಕನಷ್ಟೇ ಅಲ್ಲ, ಅನುಭವದಲ್ಲಿರುವವರಿಗೆ, ಹಿತಾಸಕ್ತಿ ಇರುವವರಿಗೂ ನೋಟಿಸು ಕೊಡಬೇಕೆಂದು ಕಲಂ 28(2) ಹೇಳುತ್ತದೆ. ಅದನ್ನೇ ಹಿಡಿದು, ಅರ್ಜಿಯ ಸ್ವೀಕೃತಿ ಲಗತ್ತಿಸಿ ತಕರಾರು ಹಾಕಿ. ಮೊದಲ ಸುತ್ತಿನ ಸಭೆಯಲ್ಲಿ ಇವರ ದನಿ ಎಲ್ಲೂ ಕೇಳಿಸುವುದಿಲ್ಲ. ಊರಿನ ದೊಡ್ಡ ಖಾತೆದಾರರು ತಮ್ಮದು ಉಳಿಸಿಕೊಳ್ಳಲು ಗೋಮಾಳದ ಕಡೆ ಬೆರಳು ತೋರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಜಮೀನು ಬಿಟ್ಟಿದ್ದಾರೆ. ಇನ್ನು ನಿಶ್ಚಿಂತೆ ಅಲ್ಲವಾ?

ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಪ್ರಾಥಮಿಕ ಅಧಿಸೂಚನೆಯಾದ ಮೇಲೆ ಅಲ್ಲಿ ಕೆಐಎಡಿಬಿ ಎಂದು ಕೂತಿರುತ್ತದೆ. ಬಿಟ್ಟಿದ್ದೇವೆ ಎಂದು ಮಂತ್ರಿಗಳು ಹೇಳಿದರೂ ಆ ಅಕ್ಷರ ತಾನಾಗಿ ಅಳಿಯುವುದಿಲ್ಲ. ಅದು ಇರುವವರೆಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಮಗಳ ಮದುವೆಗೆಂದು ಹತ್ತು ಗುಂಟೆ ಮಾರಲೂ ಆಗುವುದಿಲ್ಲ. ಕೈಬಿಟ್ಟ ಆದೇಶದ ಪ್ರತಿ ಹಿಡಿದು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ತೆಗೆಸಿ.

ಇನ್ನೊಂದು: ಸುತ್ತ ಪಾರ್ಕ್, ನಡುವೆ ನಿಮ್ಮ ಎರಡು ಎಕರೆ ಉಳಿದರೆ ಅದಕ್ಕೆ ದಾರಿ ಯಾವುದು? ಟ್ರ್ಯಾಕ್ಟರ್ ಹೋಗುತ್ತದಾ? ಬೋರ್‌ವೆಲ್‌ನ ಕರೆಂಟು ಲೈನು ಯಾರ ಜಾಗದ ಮೇಲೆ ಬರುತ್ತದೆ? ಬಿಟ್ಟದ್ದೂ ಕೆಲವೊಮ್ಮೆ ತೆಗೆದುಕೊಂಡದ್ದಕ್ಕೆ ಸಮವೇ.

ಮೊದಲು ಇರಲಿಲ್ಲ, ಹೊಸ ನಕ್ಷೆಯಲ್ಲಿ ನಮ್ಮದು ಸೇರಿದೆ. ಏನು ಮಾಡಲಿ?

ಮೊದಲ ಅಧಿಸೂಚನೆಯಲ್ಲಿ ಇಲ್ಲದ ನಂಬರನ್ನು ನೇರ ಅಂತಿಮ ಅಧಿಸೂಚನೆಗೆ ತರುವಂತಿಲ್ಲ. ನಿಮಗೆ ಹೊಸ ಪ್ರಾಥಮಿಕ ಅಧಿಸೂಚನೆ, ಹೊಸ ನೋಟಿಸು, ಹೊಸ 30 ದಿನ ಬೇಕು. "ಊರಿನ ಜೊತೆ ಸಮಾಲೋಚನೆ ಆಗಲೇ ಮುಗಿದಿದೆ" ಎಂದರೆ, ಮುಗಿದದ್ದು ಬೇರೆ ಜಮೀನಿನ ಬಗ್ಗೆ ಎಂದು ಬರೆದು ಕೊಡಿ. ತಿದ್ದಿದ ನಕ್ಷೆಯನ್ನು ಮತ್ತೆ ಅದೇ ಜನರ ಮುಂದೆ ಇಡಬೇಕು, ಅದೇ ಊರಿನಲ್ಲಿ. ಇದು ಕೇಳಲೇಬೇಕಾದ ಬೇಡಿಕೆ, ಮತ್ತು ಹೆಚ್ಚಿನವರು ಕೇಳದೆ ಬಿಡುವ ಬೇಡಿಕೆ.

ಪೂರ್ತಿ ಯೋಜನೆಯೇ ಬೇಡ ಅಂದರೆ?

ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿ ನಮ್ಮ ಮಗ್ಗುಲಲ್ಲೇ ಇದೆ. 1,777 ಎಕರೆ ಸ್ವಾಧೀನದ ವಿರುದ್ಧ ಅಲ್ಲಿನವರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರಿದ್ದರೆ ಪಡೆಯುತ್ತೇವೆ ಎಂಬ ಮಾತನ್ನೂ ಜೊತೆಗೇ ಹೇಳಿದರು. ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಎಷ್ಟು ಸವೆಯಬೇಕು ಎಂಬುದಕ್ಕೂ.

ಕೊಡುತ್ತೇವೆ ಅನ್ನುವವರು ಊರಿಗೆ ದ್ರೋಹ ಮಾಡಿದ ಹಾಗಲ್ಲವಾ?

ಅಲ್ಲ. ಶಿಡ್ಲಘಟ್ಟ ತಾಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆಂದು 2,800ರಷ್ಟು ಎಕರೆ ಗುರುತಿಸಿದಾಗ ಬೇಕು ಎನ್ನುವ ರೈತರೂ ಬೀದಿಗೆ ಬಂದರು, ಬೇಡ ಎನ್ನುವವರೂ ಬಂದರು. ಸಾವಿರದ ಇನ್ನೂರು ಅಡಿ ಕೊರೆಸಿ ಮೂರು ಬೋರು ಫೇಲಾದವನಿಗೆ, ಮಕ್ಕಳೆಲ್ಲ ಬೆಂಗಳೂರು ಸೇರಿದವನಿಗೆ ಜಮೀನು ಹೊರೆಯಾಗಿರಬಹುದು. ಪಕ್ಕದ ಹೊಲದವನಿಗೆ ಅದೇ ಮಣ್ಣಿನಲ್ಲಿ ಗುಲಾಬಿ, ದ್ರಾಕ್ಷಿ ಕೈಹಿಡಿದಿರುತ್ತದೆ. ಒಳ್ಳೆಯ ತಿದ್ದುಪಡಿ ಅಂದರೆ ಕೊಡುವವರ ಜಮೀನು ಒಂದು ಕಡೆ ಕೂಡುವಂತೆ ಗಡಿ ಎಳೆಯುವುದು. ಅದಕ್ಕೆ ಯಾರು ಒಪ್ಪಿದ್ದಾರೆ ಎಂಬ ಪಟ್ಟಿ ಬಹಿರಂಗವಾಗಬೇಕು. ಗುಟ್ಟಾಗಿ ಸಹಿ ಹಾಕಿಸಿಕೊಂಡು ಹೋದ ಕಡೆಯಲ್ಲೆಲ್ಲ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಪರಿಹಾರ ಎಷ್ಟು ಬರುತ್ತದೆ?

ಎಕರೆಗೆ ಇಷ್ಟು ಎಂದು ಯಾರಾದರೂ ಹೇಳಿದರೆ ಅವರು ಬ್ರೋಕರ್ ಇರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ದರ ನಿಗದಿ ಸಭೆ ನಡೆಯುತ್ತದೆ. ಒಪ್ಪಿಗೆಯಾದರೆ ಕಲಂ 29(2)ರ ಕರಾರು. ಹಣದ ಬದಲು ಎಕರೆಗೆ 10,781 ಚದರ ಅಡಿ ಅಭಿವೃದ್ಧಿಪಡಿಸಿದ ಜಾಗ ಪಡೆಯುವ ಆಯ್ಕೆಯನ್ನೂ ಕೆಐಎಡಿಬಿ ಮುಂದಿಟ್ಟಿದೆ. ಅಂದರೆ ಹತ್ತಿರಹತ್ತಿರ ಹತ್ತು ಗುಂಟೆ.

ಒಂದು ಕಹಿ ಮಾತು. 2013ರ ಕಾಯ್ದೆಯ ಲೆಕ್ಕದಲ್ಲಿ ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳನ್ನು ಮಾತ್ರ ಆರಿಸಿಕೊಂಡು ಸರಾಸರಿ ಹಾಕುತ್ತಾರೆ. ನಾವು ಸ್ಟ್ಯಾಂಪ್ ಶುಲ್ಕ ಉಳಿಸಲು ಕೋಟಿಯ ಜಮೀನನ್ನು ಮಾರ್ಗಸೂಚಿ ಬೆಲೆಗೆ ಬರೆಸಿದ್ದೇವೆ. ಆ ಕಾಗದ ಈಗ ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಅಕ್ಕತಂಗಿಯರ ಸಹಿ ಬೇಕಾ?

ಬೇಕು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿದೆ. ಬಿಟ್ಟು ಹಣ ಪಡೆಯಲು ಹೊರಟರೆ ದಾವೆ ಬೀಳುತ್ತದೆ, ಪರಿಹಾರ ಕೋರ್ಟಿನಲ್ಲಿ ಠೇವಣಿಯಾಗುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡವರದ್ದೂ ಇದೇ ಪಾಡು. 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ ಕಾಲಮಿತಿಯ ನೆಪವೂ ಇಲ್ಲ.

ರೇಷ್ಮೆ ಬೆಳೆಯುವವರು ಪಾರ್ಕಿನ ಹೊರಗಿದ್ದರೆ ತೊಂದರೆ ಏನು?

ಧೂಳು. ಮಣ್ಣು ತುಂಬುವ ಟಿಪ್ಪರ್ ಓಡಾಡುವ ರಸ್ತೆಯ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುವ ಧೂಳು ಹುಳುವಿಗೆ ಆಗುವುದಿಲ್ಲ. ಹುಳು ತಿನ್ನುವ ಸೊಪ್ಪಿನಲ್ಲಿ ಹೆಚ್ಚುಪಾಲು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಿನ ಕೊನೆಯ ವಾರದ್ದು. ಆ ವಾರ ಸೊಪ್ಪು ಕೆಟ್ಟರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿಗೆ ಮನೆ ಖಾಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ, ನಕ್ಷೆ ಹಾಕುವವರಿಗೆ ವಿವರಿಸಬೇಕು. ಟಿಪ್ಪರ್ ದಾರಿ ಬೇರೆ ಮಾಡಿ, ತೋಟದ ಬದಿಗೆ ಮರಸಾಲು ಬಿಡಿ, ದಿನಕ್ಕೆ ಎರಡು ಹೊತ್ತು ನೀರು ಹೊಡೆಯಿರಿ ಎಂಬ ಷರತ್ತುಗಳು ಗಡಿ ಬದಲಿಸದೆಯೂ ಸಿಗುವಂಥವು.

ಪಾರ್ಕಿಗೆ ನೀರು ಎಲ್ಲಿಂದ?

ಬೋರ್‌ವೆಲ್ ಎಂದರೆ ಒಪ್ಪಬೇಡಿ. ಕೆ.ಸಿ. ವ್ಯಾಲಿ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಕೋಲಾರದ ಕೆರೆಗಳು ತುಂಬಿದವು ನಿಜ. ಅದು ಎರಡು ಹಂತ ಶುದ್ಧಿಯಾದ ಬೆಂಗಳೂರಿನ ಕೊಳಚೆ ನೀರು, ಕೊಟ್ಟದ್ದು ಅಂತರ್ಜಲ ಮರುಪೂರಣಕ್ಕೆ. ಪಾರ್ಕಿನವರು ಕೆರೆಯ ಪಕ್ಕ ಕೊಳವೆ ಬಾವಿ ತೋಡಿದರೆ ಆ ಮರುಪೂರಣ ಯಾರಿಗೆ?

ಮನೆಗೊಂದು ಕೆಲಸ ಕೊಡುತ್ತಾರಂತೆ?

ಯಾವ ಕೆಲಸ, ಕಂಪನಿ ರೋಲಿನದೋ ಗುತ್ತಿಗೆಯದೋ? 2020ರ ಡಿಸೆಂಬರ್ 12ರಂದು ನರಸಾಪುರದ ಕಾರ್ಖಾನೆಯೊಂದರಲ್ಲಿ ಗಲಾಟೆಯಾದಾಗ ಕಾರ್ಮಿಕರು ಹೇಳಿಕೊಂಡದ್ದು ಸಂಬಳದ ತಕರಾರನ್ನೇ. ಹೆಚ್ಚಿನವರು ಗುತ್ತಿಗೆಯವರು. ಕೆಲಸದ ಮಾತು ಜಾಗ ಹಂಚಿಕೆಯ ಷರತ್ತಿನಲ್ಲಿ ಇರಲಿ, ಸಭೆಯ ಭಾಷಣದಲ್ಲಲ್ಲ. ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದ ಮನೆಗಳನ್ನೂ ಆ ಪಟ್ಟಿಗೆ ಸೇರಿಸಿ ಎಂದು ಕೇಳಿ. ಟೊಮೆಟೊ ಕೊಯ್ಲಿಗೆ ಹೋಗುವ ಹೆಂಗಸರಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

ಅರ್ಜಿ ಹೇಗೆ ಬರೆಯಲಿ?

ಒಂದು ಪುಟ. ನೋಟಿಸಿನ ಸಂಖ್ಯೆ, ದಿನಾಂಕ, ನಿಮಗೆ ಅದು ತಲುಪಿದ ದಿನಾಂಕ, ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ. ಆಮೇಲೆ ಹೀಗೆ:

"ಸದರಿ ಜಮೀನಿನ ಪೂರ್ವಕ್ಕೆ ಗ್ರಾಮ ನಕ್ಷೆಯಂತೆ ಕಾಲುವೆ ಇದ್ದು, ತಿದ್ದುಪಡಿಯಾದ ನಕ್ಷೆಯಲ್ಲಿ ಅದೇ ಜಾಗದಲ್ಲಿ ರಸ್ತೆ ತೋರಿಸಲಾಗಿದೆ. ಜಂಟಿ ಸ್ಥಳ ಪರಿಶೀಲನೆ ಮಾಡಿ, ನನ್ನ ಸಮಕ್ಷಮ ಮಹಜರು ಬರೆದು, ನಂತರ ತೀರ್ಮಾನಿಸಬೇಕೆಂದು ಕೋರುತ್ತೇನೆ."

ಪಹಣಿ, ಗ್ರಾಮ ನಕ್ಷೆ, ಫೋಟೊ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಸತಾಯಿಸಿದರೆ ರಿಜಿಸ್ಟರ್ಡ್ ಪೋಸ್ಟು. ನಾನು ಒಮ್ಮೆ ಒಬ್ಬ ಯಜಮಾನರ ಅರ್ಜಿಯನ್ನು ಕಚೇರಿಯೊಂದರ ಮೇಜಿನ ಮೇಲೆ ಇಟ್ಟು ಬಂದಿದ್ದೆ, ಗುಮಾಸ್ತ ಪರಿಚಯದವನಲ್ಲವೇ ಎಂದು. ವಿಚಾರಣೆಯ ದಿನ ಕಡತದಲ್ಲಿ ಅದು ಇರಲಿಲ್ಲ. ಆ ಯಜಮಾನರು ಇವತ್ತಿಗೂ ನನ್ನನ್ನು ಕಂಡರೆ ಟವೆಲ್ ಕೊಡವಿ ಎದ್ದು ಹೋಗುತ್ತಾರೆ.

ವಾಟ್ಸಾಪಿನಲ್ಲಿ ಬಂದ ನಕ್ಷೆ ಸರಿಯಾದದ್ದಾ?

ಯಾರ ಸಹಿ ಇದೆ, ಯಾವ ದಿನಾಂಕ ಇದೆ ನೋಡಿ. ಎರಡೂ ಇಲ್ಲದಿದ್ದರೆ ಅದನ್ನು ನಂಬಿ ಜಮೀನು ಮಾರಬೇಡಿ, ಅಡ್ವಾನ್ಸೂ ತೆಗೆದುಕೊಳ್ಳಬೇಡಿ. ಪಾರ್ಕ್ ಬರುವ ಮೊದಲೇ ಬರುವವರು ಅಗ್ರಿಮೆಂಟ್ ಹಿಡಿದ ಕಾರಿನವರು.